ಹಂಚಿನ ಮಾಡಿನ ಹಳೆಯ ಕಾಲೇಜು ಕಟ್ಟಡವನ್ನು ಕೆಡವಲೇಬೇಕೆ? ಕರಾವಳಿಯವರ ಅಭಿಪ್ರಾಯ ಬೇಕಾಗಿದೆ

ಹಳೆಯ ವಿದ್ಯಾರ್ಥಿ, ಅಂಕೋಲಾ

ನಮ್ಮ ಕಾಲೇಜಿನ ಮುಂಭಾಗದಲ್ಲಿರುವ ಹಂಚಿನ ಮಾಡಿನ ಹಳೆಯ ಕಟ್ಟಡವನ್ನು ಕೆಡವಿ, ಅದೇ ಜಾಗದಲ್ಲಿ ಮೂರು ಅಂತಸ್ತಿನ ಕಾಂಕ್ರೀಟ್ ಕಟ್ಟಡ ಎಬ್ಬಿಸುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದಿದೆ. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಂಸ್ಥೆಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ; ಕಾರವಾರದಿಂದ ಭಟ್ಕಳದವರೆಗೆ ಇಂಥ ಕಟ್ಟಡಗಳಿರುವ ಎಲ್ಲ ಊರುಗಳಿಗೂ ಇಂದಲ್ಲ ನಾಳೆ ಎದುರಾಗುವ ಪ್ರಶ್ನೆ ಇದು.

ಕಟ್ಟಡ ಕಾಲೇಜಿಗಿಂತ ಹಳೆಯದು. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಹೈಸ್ಕೂಲಿಗೆಂದು ಕಟ್ಟಿದ್ದು. ಮುಂದೆ ಊರವರು ಕಾಲೇಜು ತೆರೆದಾಗ ಮೊದಲ ತರಗತಿಗಳು ನಡೆದದ್ದೂ ಅಲ್ಲಿಯೇ. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮೂರೂ ಕಡೆ ಕಂಬಸಾಲಿನ ಜಗಲಿ. ಪ್ರವೇಶದ್ವಾರದ ಬದಿಯಲ್ಲಿ ದಾನಿಗಳ ಕಲ್ಲುಫಲಕವಿದೆ. ಅದರಲ್ಲಿ ದೊಡ್ಡ ಮೊತ್ತ ಕೊಟ್ಟ ವ್ಯಾಪಾರಸ್ಥರ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರಗಳಲ್ಲಿ, ಹತ್ತು ರೂಪಾಯಿ ಕೊಟ್ಟವರ ಹೆಸರುಗಳೂ ಮರ ಮತ್ತು ಕಲ್ಲು ಕೊಟ್ಟವರ ಹೆಸರುಗಳೂ ಇವೆ. ಈ ಫಲಕವನ್ನು ತೆಗೆದು ಹೊಸ ಕಟ್ಟಡದ ಗೋಡೆಗೆ ಅಂಟಿಸಿದರೆ ಇತಿಹಾಸ ಉಳಿದಂತಾಯಿತು ಎಂಬ ಮಾತು ಸಭೆಯಲ್ಲಿ ಕೇಳಿಬಂತು. ಅದನ್ನು ನಾನು ಒಪ್ಪಲಾರೆ. ಆ ಜನರು ಕೊಟ್ಟದ್ದು ಫಲಕಕ್ಕಲ್ಲ, ಪಾಠದ ಕೋಣೆಗಳಿಗೆ.

ನನ್ನ ಕೋರಿಕೆ ಇಷ್ಟು: ಕಟ್ಟಡವನ್ನು ದುರಸ್ತಿ ಮಾಡಿ ತರಗತಿಗಳಿಗಾಗಿಯೇ ಬಳಸಲು ಸಾಧ್ಯವೆ? ಸಾಧ್ಯವಿದ್ದರೆ ಯಾವ ಕ್ರಮದಲ್ಲಿ? ಬಲ್ಲವರು ವಿವರವಾಗಿ ಬರೆಯಬೇಕು. ಸಾಧ್ಯವಿಲ್ಲ ಎನ್ನುವವರೂ ಕಾರಣ ಸಹಿತ ಬರೆಯಬೇಕು.

ಇತಿಹಾಸ ಉಪನ್ಯಾಸಕ, ಕುಮಟಾ

ಇಂಥ ಕಟ್ಟಡಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೆನಪಿಸಿಕೊಳ್ಳುವುದು ಅಗತ್ಯ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು ಮತ್ತು 1956ರ ಏಕೀಕರಣದವರೆಗೆ ಮುಂಬೈಯ ಆಡಳಿತದಲ್ಲಿಯೇ ಇತ್ತು. ಹತ್ತಿಯ ವ್ಯಾಪಾರ ಜೋರಾಗಿದ್ದ 19ನೇ ಶತಮಾನದಲ್ಲಿ ಕುಮಟಾ ಬಂದರಿನ ಹೆಸರು ಇಂಗ್ಲೆಂಡಿನ ಮಾರುಕಟ್ಟೆಯವರೆಗೆ ಪರಿಚಿತವಾಗಿತ್ತು. ಘಟ್ಟದ ಮೇಲಿನ ಸರಕು ರೈಲಿನಲ್ಲಿ ಮರ್ಮಗೋವಾ ಬಂದರಿಗೆ ಹೋಗಲು ಶುರುವಾದ ಮೇಲೆ ನಮ್ಮ ಬಂದರುಗಳ ಭಾಗ್ಯ ಇಳಿಯಿತು. ವ್ಯಾಪಾರ ಕೈತಪ್ಪಿದ ಊರುಗಳಲ್ಲಿ ಮಕ್ಕಳ ವಿದ್ಯೆಯೇ ಮುಂದಿನ ದಾರಿ ಎಂಬ ನಂಬಿಕೆ ಗಟ್ಟಿಯಾಯಿತು ಎಂದು ನಾನು ತಿಳಿದಿದ್ದೇನೆ. ಆದರೆ ಹೈಸ್ಕೂಲು ಮುಗಿಸಿದವರಿಗೆ ಜಿಲ್ಲೆಯಲ್ಲಿ ಕಾಲೇಜು ಇರಲಿಲ್ಲ. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗಬೇಕಿತ್ತು. ಇಲ್ಲವೇ ಹಡಗು ಹತ್ತಿ ಮುಂಬೈಗೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಿಗೆ ಸೇತುವೆಗಳಿಲ್ಲದ ದಿನಗಳಲ್ಲಿ ತಾಲೂಕಿನಿಂದ ತಾಲೂಕಿಗೆ ಹೋಗುವವರೂ ತಾರಿಗಾಗಿ ಕಾಯಬೇಕಿತ್ತು. ಮನೆಯಲ್ಲಿ ಅನುಕೂಲವಿದ್ದವರು ಹೋದರು, ಉಳಿದವರ ಓದು ಅಲ್ಲಿಗೇ ನಿಂತಿತು.

ಈ ತಡೆಯನ್ನು ಒಡೆದವರು ಇಲ್ಲಿಯ ಜನರೇ. ಕುಮಟಾದಲ್ಲಿ ಕೆನರಾ ಕಾಲೇಜು ಸೊಸೈಟಿ, ಅಂಕೋಲಾದಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್, ಭಟ್ಕಳದಲ್ಲಿ 1919ರಿಂದ ನಡೆದುಬಂದ ಅಂಜುಮನ್ ಸಂಸ್ಥೆ: ಊರು ಬೇರೆ, ಸಮುದಾಯ ಬೇರೆ, ಆದರೆ ಸರಕಾರ ಬಂದು ಮಾಡಲಿ ಎಂದು ಇವರಾರೂ ಕಾಯಲಿಲ್ಲ. ಕೆನರಾ ವೆಲ್ಫೇರ್ ಟ್ರಸ್ಟನ್ನು 1953ರಲ್ಲಿ ಸ್ಥಾಪಿಸಿದ ದಿನಕರ ದೇಸಾಯಿಯವರು ಗೋಪಾಲಕೃಷ್ಣ ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದರು. ಗೋಖಲೆಯವರು ಹುಟ್ಟಿದ್ದು 1866ರಲ್ಲಿ. ಅವರ ಜನ್ಮಶತಮಾನೋತ್ಸವದ ವರ್ಷವಾದ 1966ರಲ್ಲಿ ಅಂಕೋಲಾದ ಗೋಖಲೆ ಸೆಂಟೆನರಿ ಕಾಲೇಜು ಆರಂಭವಾಯಿತು. ದೇಸಾಯಿಯವರು ಅದಕ್ಕೂ ಮೊದಲು ಗೇಣಿ ಒಕ್ಕಲುಗಳ ಹೋರಾಟ ಕಟ್ಟಿ, ಅದಕ್ಕಾಗಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು. ಉಳುವವನಿಗೆ ಭೂಮಿ ಎಂದು ಕೇಳಿದ ಕೈಗಳೇ ಅವನ ಮಕ್ಕಳಿಗೆ ಶಾಲೆ, ಕಾಲೇಜು ತೆರೆದವು ಎಂಬುದನ್ನು ನಮ್ಮ ಇಂದಿನ ವಿದ್ಯಾರ್ಥಿಗಳಿಗೆ ನಾವು ಸಾಕಷ್ಟು ಹೇಳಿಲ್ಲ. 1930ರ ಏಪ್ರಿಲ್ 13ರಂದು ಉಪ್ಪಿನ ಕಾಯಿದೆ ಮುರಿದ ಅಂಕೋಲೆಗೆ, ಕರನಿರಾಕರಣೆಯಲ್ಲಿ ಮನೆಮಠ ಕಳೆದುಕೊಂಡ ಆ ಸೀಮೆಗೆ, ಒಟ್ಟಾಗಿ ಕೆಲಸ ಮಾಡುವ ಅಭ್ಯಾಸ ಮೊದಲೇ ಇತ್ತು.

ಆದ್ದರಿಂದ ಪ್ರಶ್ನೆ ಕೇಳಿದವರ ಮಾತು ಸರಿಯಾಗಿದೆ. ನಮ್ಮ ಕರಾವಳಿಯ ಕಾಲೇಜು ಕಟ್ಟಡದ ಮಹತ್ವ ವಾಸ್ತುವೈಭವದಲ್ಲಿಲ್ಲ, ಸಾಮಾನ್ಯರು ಸೇರಿ ಅದನ್ನು ಕಟ್ಟಿದರು ಎಂಬುದರಲ್ಲಿದೆ.

ಆಡಳಿತ ಮಂಡಳಿಯ ಸದಸ್ಯ, ಹೊನ್ನಾವರ

ನಾನು ಬೇರೊಂದು ಸಂಸ್ಥೆಯ ಮಂಡಳಿಯಲ್ಲಿದ್ದೇನೆ. ಹಾಗಾಗಿ ಆ ಕಡೆಯ ಕಷ್ಟವನ್ನೂ ಹೇಳುವುದು ನನ್ನ ಕರ್ತವ್ಯ. ಅನುದಾನಿತ ಕಾಲೇಜಿನಲ್ಲಿ ಮಂಜೂರಾದ ಹುದ್ದೆಗಳ ಸಂಬಳವನ್ನು ಸರಕಾರ ಕೊಡುತ್ತದೆ. ಮಾಡು ಸೋರಿದರೆ ಅದು ಮಂಡಳಿಯ ಹೊಣೆ. ಖಾಲಿಯಾದ ಹುದ್ದೆಗಳು ವರ್ಷಗಟ್ಟಲೆ ತುಂಬದಿರುವಾಗ ಅತಿಥಿ ಉಪನ್ಯಾಸಕರ ಸಂಭಾವನೆಯನ್ನೂ ನಾವೇ ಹೊಂದಿಸುತ್ತೇವೆ. ಉಳಿದ ಹಣದಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಹಂಚು ಕೂರುವ ಮರದ ಪಟ್ಟಿಗಳಾದ ರೀಪು ನೋಡಿಸುವುದೆಂದರೆ ಕೆಲಸದವರು ಸಿಗುವುದಿಲ್ಲ, ಸಿಕ್ಕರೆ ದಿನಗೂಲಿ ಎಟಕುವುದಿಲ್ಲ. ದಾನಿಗಳ ಬಳಿ ಹೋದರೆ ಹೊಸ ಕಟ್ಟಡಕ್ಕೆ ತಂದೆತಾಯಿಯ ಹೆಸರಿಡುವುದಾದರೆ ಕೊಡುತ್ತೇವೆ ಎನ್ನುತ್ತಾರೆ. ಹಳೆಯ ಮಾಡಿನ ಪಕಾಸು, ಅಂದರೆ ಹಂಚಿನ ಭಾರ ಹೊರುವ ಇಳಿಜಾರು ಮರ, ಬದಲಿಸಲು ಕೊಡಿ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಜೊತೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುತ್ತದೆ ಎಂದಾಗ ಸ್ಮಾರ್ಟ್ ತರಗತಿ, ಪ್ರಯೋಗಾಲಯ, ಗ್ರಂಥಾಲಯ ಎಲ್ಲವನ್ನೂ ತೋರಿಸಬೇಕು. ಕೆಡವುವ ನಿರ್ಧಾರವನ್ನು ಯಾರೂ ಸಂತೋಷದಿಂದ ಮಾಡುವುದಿಲ್ಲ. ಮಕ್ಕಳ ತಲೆಯ ಮೇಲೆ ಹಂಚು ಬಿದ್ದರೆ ಉತ್ತರ ಹೇಳಬೇಕಾದವರು ನಾವು.

ನಿವೃತ್ತ ಕಟ್ಟಡ ಇಂಜಿನಿಯರ್, ಕಾರವಾರ

ಸದಸ್ಯರ ಆತಂಕ ನ್ಯಾಯವಾದದ್ದು. ಹಾಗೆಂದೇ ಮೊದಲು ಕಟ್ಟಡದ ರೋಗ ಯಾವುದೆಂದು ತಿಳಿಯಬೇಕು. ಈ ಜಿಲ್ಲೆಯಲ್ಲಿ ನಾನು ನೋಡಿದ ಹಳೆಯ ಶಾಲಾ ಕಟ್ಟಡಗಳಲ್ಲಿ ಬಹುಪಾಲು ಹಾನಿ ವಯಸ್ಸಿನಿಂದ ಬಂದದ್ದಲ್ಲ, ತಪ್ಪು ದುರಸ್ತಿಯಿಂದ ಬಂದದ್ದು.

ಚಿರೇಕಲ್ಲಿನ ಸ್ವಭಾವವೇ ಬೇರೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ, ಕಬ್ಬಿಣದ ಅಂಶ ತುಂಬಿದ, ಮೈಯೆಲ್ಲ ಸೂಕ್ಷ್ಮ ತೂತುಗಳಿರುವ ಕಲ್ಲು ಅದು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಬಳಿಯುತ್ತಿದ್ದರು. ಅಘನಾಶಿನಿಯಂಥ ಅಳಿವೆಗಳಲ್ಲಿ ಸಿಗುವ ಬೆಳಚಿನ ಚಿಪ್ಪಿಯನ್ನು ಸುಟ್ಟು ತಯಾರಿಸಿದ ಸುಣ್ಣ. ಗಾರೆಯೂ ಉಸಿರಾಡುವ ವಸ್ತುವಾದ್ದರಿಂದ ಗೋಡೆಯ ತೇವ ಹೊರಗೆ ಹೋಗುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಎಲ್ಲೆಡೆ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಪ್ಲಾಸ್ಟರ್ ಹೊಡೆದು, ಅದರ ಮೇಲೆ ಎಣ್ಣೆ ಬಣ್ಣ ಬಳಿದರು. ತೇವಕ್ಕೆ ಹೊರದಾರಿ ಮುಚ್ಚಿತು. ಈಗ ಅಂಥ ಗೋಡೆಯ ಹತ್ತಿರ ಹೋಗಿ, ನೆಲದಿಂದ ಸೊಂಟದೆತ್ತರದವರೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಹಲವು ಕಡೆ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ಒಂದು ಅಂಗೈಯಗಲ ಪ್ಲಾಸ್ಟರ್ ಬಿಡಿಸಿದರೆ ಅದು ಬಿಲ್ಲೆಯಂತೆ ಒಂದೇ ತುಂಡಾಗಿ ಕೈಗೆ ಬರುತ್ತದೆ. ಅದರ ಹಿಂಬದಿಯಲ್ಲಿ ಬಿಳಿಯ ಉಪ್ಪಿನ ಪದರ, ಅದರ ಹಿಂದೆ ಕೆಂಪು ಹುಡಿಯಾಗಿ ಉದುರುವ ಕಲ್ಲು. ಅದನ್ನು ನೋಡಿದವರು ಗೋಡೆ ಸತ್ತಿದೆ ಎನ್ನುತ್ತಾರೆ. ಆ ಹುಡಿಯನ್ನು ಕೆರೆದರೆ ಎರಡು ಬೆರಳಿನಷ್ಟು ಒಳಗೆ ಕಲ್ಲು ಗಟ್ಟಿಯಾಗಿಯೇ ಇರುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ.

ಮಾಡಿನ ವಿಷಯವೂ ಇದೇ ಬಗೆಯದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹಂಚು ಕರಾವಳಿಯುದ್ದಕ್ಕೂ ಹರಡಿತು, ಏಕೆಂದರೆ ನಮ್ಮ ಮಳೆಗೆ ಅದು ಹೇಳಿ ಮಾಡಿಸಿದ್ದು. ಹಂಚು ಹಾಳಾಗುವುದು ಅಪರೂಪ. ಹಾಳಾಗುವುದು ಎರಡು ಮಾಡುಗಳು ಕೂಡುವ ಸಂದಿನ ತಗಡಿನ ಕೆಳಗೆ ಬರುವ ಪಕಾಸಿನ ತುದಿ ಮತ್ತು ಗೋಡೆಯ ತಲೆಯ ಮೇಲೆ ಕುಳಿತಿರುವ ಮರದ ಅಡ್ಡ. ತಗಡಿಗೆ ತೂತು ಬಿದ್ದು, ವರ್ಷಗಟ್ಟಲೆ ಅಲ್ಲಿಗೇ ನೀರು ಇಳಿದು, ಆಮೇಲೆ ಒರಲೆ ಹತ್ತಿರುತ್ತದೆ. ಆ ಒಂದು ಮೂಲೆ ಕುಸಿದಾಗ ಇಡೀ ಮಾಡು ಅಪಾಯಕಾರಿ ಎಂದು ವರದಿ ಬರೆಯಲಾಗುತ್ತದೆ.

ಕಾಂಕ್ರೀಟನ್ನು ನಾನು ದೂಷಿಸುವುದಿಲ್ಲ, ಜೀವಮಾನವೆಲ್ಲ ಅದರಲ್ಲಿಯೇ ಕೆಲಸ ಮಾಡಿದ್ದೇನೆ. ಆದರೆ ಸಮುದ್ರದ ಉಪ್ಪುಗಾಳಿ ಬೀಸುವಲ್ಲಿ ಕಬ್ಬಿಣದ ಸರಳಿನ ಮೇಲೆ ಸಾಕಷ್ಟು ದಪ್ಪದ ಹೊದಿಕೆ ಬಿಡದೆ, ಕ್ಯೂರಿಂಗ್, ಅಂದರೆ ನೀರುಣಿಸಿ ಗಟ್ಟಿಯಾಗಿಸುವುದನ್ನು, ಸರಿಯಾಗಿ ಮಾಡದೆ ಕಟ್ಟಿದರೆ ಉಪ್ಪು ಒಳಗಿಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಂಚಿನ ಮಾಡಿನಲ್ಲಿ ಕೆಟ್ಟ ಪಕಾಸೊಂದನ್ನೇ ತೆಗೆದು ಹೊಸದನ್ನು ಕೂರಿಸಬಹುದು. ತಾರಸಿಯಲ್ಲಿ ಅದು ಸಾಧ್ಯವಿಲ್ಲ. ಮಂಡಳಿಯು ಹೊಸ ಕಟ್ಟಡಕ್ಕೂ ಮುಂದೆ ನಿರ್ವಹಣೆಯ ಹಣ ತೆಗೆದಿಡಲೇಬೇಕು.

ಅಂತಿಮ ವರ್ಷದ ವಿದ್ಯಾರ್ಥಿನಿ, ಗೋಕರ್ಣದ ಬದಿ

ಹಿರಿಯರೆಲ್ಲರ ಮಾತುಗಳನ್ನು ಗೌರವದಿಂದ ಓದಿದ್ದೇನೆ. ನಾನು ಓದುತ್ತಿರುವುದೂ ಇಂಥದೇ ಕಟ್ಟಡವಿರುವ ಕಾಲೇಜಿನಲ್ಲಿ. ಅದು ತಂಪಾಗಿದೆ. ಏಪ್ರಿಲ್ ತಿಂಗಳಿನ ಪರೀಕ್ಷೆಯಲ್ಲಿ ಹಳೆಯ ಕಟ್ಟಡದ ಕೋಣೆ ಸಿಕ್ಕರೆ ನಮಗೆಲ್ಲ ಸಮಾಧಾನ. ಮೇಲಿನ ಮಹಡಿಗೆ ತಗಡಿನ ಶೀಟು ಹೊದಿಸಿದ ಹೊಸ ಭಾಗದಲ್ಲಿ ಆಷಾಢದ ಮಳೆ ಹೊಡೆಯುವಾಗ ಅಕ್ಕೋರು ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುತ್ತಾರೆ, ನಾವು ನೋಡಿ ಬರೆದುಕೊಳ್ಳುತ್ತೇವೆ. ಹಂಚಿನ ಕೆಳಗೆ ಅಷ್ಟು ತೊಂದರೆ ಇಲ್ಲ.

ಆದರೆ ಹಳೆಯ ಕಟ್ಟಡದಲ್ಲಿ ಹುಡುಗಿಯರಿಗೆ ಶೌಚಾಲಯವಿಲ್ಲ. ಅಂಗಳ ದಾಟಿ, ಮಳೆಯಲ್ಲಿ ನೆನೆದು, ಹಿಂಬದಿಗೆ ಹೋಗಬೇಕು. ನಮ್ಮ ತರಗತಿಯಲ್ಲಿ ನಡೆಯಲು ಕಷ್ಟವಿರುವ ಗೆಳತಿಯೊಬ್ಬಳಿದ್ದಾಳೆ. ಜಗಲಿಯ ಎತ್ತರದ ಮೆಟ್ಟಿಲುಗಳನ್ನು ಹತ್ತಲು ಅವಳಿಗೆ ಪ್ರತಿದಿನ ಇಬ್ಬರ ಆಸರೆ ಬೇಕು. ಕಂಪ್ಯೂಟರಿಗೆ ಸಾಕಷ್ಟು ಪ್ಲಗ್ ಪಾಯಿಂಟುಗಳೂ ಇಲ್ಲ. ಕಟ್ಟಡ ಉಳಿಸುವುದೆಂದರೆ ಇದ್ದಂತೆಯೇ ಬಿಡುವುದು ಎಂದಾದರೆ ನನ್ನ ಮತ ಹೊಸ ಕಟ್ಟಡಕ್ಕೆ. ನಮ್ಮ ಅಗತ್ಯಗಳನ್ನೂ ದುರಸ್ತಿಯ ಪಟ್ಟಿಯಲ್ಲಿ ಸೇರಿಸುವುದಾದರೆ ಉಳಿಸಿ ಎಂದು ಕೈಮುಗಿದು ಕೇಳುತ್ತೇನೆ.

ಹಳೆಯ ವಿದ್ಯಾರ್ಥಿ, ಅಂಕೋಲಾ

ತಂಗಿ, ನೀವು ಬರೆದದ್ದು ಈ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದದ್ದು. ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿ ಬೀಗ ಹಾಕಿಡಬೇಕೆಂಬುದು ನನ್ನ ಬೇಡಿಕೆಯಲ್ಲ. ಬೀಗ ಹಾಕಿದ ಹಂಚಿನ ಮನೆ ಎರಡು ಮೂರು ಮಳೆಗಾಲದಲ್ಲಿ ನೆಲ ಹಿಡಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದೇವೆ. ಪಾಠ ನಡೆಯುತ್ತಿದ್ದರೆ ಮಾತ್ರ ಸೋರಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತದೆ. ಜಗಲಿಯ ಒಂದು ಬದಿಗೆ ಇಳಿಜಾರು ದಾರಿ, ಹಿಂಬದಿಯಲ್ಲಿ ಗೋಡೆಗೆ ತಾಗದಂತೆ ಶೌಚಾಲಯ, ಅಲ್ಲಿಗೆ ಮಾಡು ಹೊದಿಸಿದ ಓಣಿ: ಇವನ್ನು ನಮ್ಮ ಮನವಿಯ ಮೊದಲ ಸಾಲಿನಲ್ಲಿಯೇ ಬರೆಯುತ್ತೇನೆ. ರಾಸಾಯನಿಕ ಪ್ರಯೋಗಾಲಯಕ್ಕೆ ಹಳೆಯ ಕಟ್ಟಡ ತಕ್ಕದ್ದಲ್ಲ ಎಂಬುದೂ ನನ್ನ ಅಭಿಪ್ರಾಯ. ಅದಕ್ಕಾಗಿ ಹಿಂದಿನ ಖಾಲಿ ಜಾಗದಲ್ಲಿ ಸಣ್ಣ ಹೊಸ ಕಟ್ಟಡ ಬರಲಿ.

ನಿವೃತ್ತ ಪ್ರಾಚಾರ್ಯೆ, ಶಿರಸಿ

ನ್ಯಾಕ್ ಹೆಸರಿನಲ್ಲಿ ಹಳೆಯ ಕಟ್ಟಡಗಳನ್ನು ಬಲಿಕೊಡುವುದನ್ನು ನಾನು ಒಪ್ಪುವುದಿಲ್ಲ. ಈವರೆಗೆ ಬಳಕೆಯಲ್ಲಿದ್ದ ಮೌಲ್ಯಮಾಪನದ ಏಳು ಮಾನದಂಡಗಳಲ್ಲಿ ನಾಲ್ಕನೆಯದು ಮೂಲಸೌಕರ್ಯ. ಅದು ಕೇಳುತ್ತಿದ್ದುದು ಸೌಕರ್ಯ ಸಾಕಷ್ಟಿದೆಯೇ, ಅದರ ನಿರ್ವಹಣೆಗೆ ವ್ಯವಸ್ಥೆ ಇದೆಯೇ ಎಂದು, ಕಟ್ಟಡದ ವಯಸ್ಸನ್ನಲ್ಲ. ಏಳನೆಯ ಮಾನದಂಡದಲ್ಲಿ ಸಂಸ್ಥೆಯ ವೈಶಿಷ್ಟ್ಯವನ್ನು ಹೇಳಿಕೊಳ್ಳಲು ಸ್ಥಳವಿತ್ತು. ಊರವರು ಕಟ್ಟಿದ, ಊರವರೇ ದುರಸ್ತಿ ಮಾಡಿದ, ಇಂದಿಗೂ ಪಾಠ ನಡೆಯುತ್ತಿರುವ ಕಟ್ಟಡಕ್ಕಿಂತ ದೊಡ್ಡ ವೈಶಿಷ್ಟ್ಯವನ್ನು ಸಣ್ಣ ಊರಿನ ಕಾಲೇಜು ಎಲ್ಲಿಂದ ತಂದೀತು?

ಹಣದ ವಿಚಾರ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುದ್ಧಾರವೂ ಇದೆ. ನಮ್ಮ ಮನವಿ ಎರಡಕ್ಕೂ ಹೊಂದುತ್ತದೆ. ಬರಿಯ ವಿನಂತಿ ಪತ್ರ ಹಿಡಿದು ಹೋದರೆ ಪ್ರಯೋಜನವಿಲ್ಲ. ಅಳತೆಯ ನಕಾಶೆ, ಹಾನಿಯ ಫೋಟೋಗಳು, ಹಂತಹಂತವಾದ ಅಂದಾಜುಪಟ್ಟಿ, ಮುಂದಿನ ನಿರ್ವಹಣೆಯ ಜವಾಬ್ದಾರಿ ಯಾರದೆಂಬ ಠರಾವು, ಇವಿಷ್ಟೂ ಬೇಕು.

ಇನ್ನೊಂದು ಎಚ್ಚರಿಕೆ. 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿ ಎಂದು ಕೇಳುವ ಮೊದಲು ಯೋಚಿಸಿ. ಘೋಷಣೆಯಾದ ಮೇಲೆ ಶೌಚಾಲಯವನ್ನಾಗಲಿ ಇಳಿಜಾರನ್ನಾಗಲಿ ನಮ್ಮಷ್ಟಕ್ಕೆ ಸೇರಿಸಿಕೊಳ್ಳಲು ಆಗುವುದಿಲ್ಲ. ದಿನಬಳಕೆಯ ಕಾಲೇಜು ಕಟ್ಟಡಕ್ಕೆ ಮಂಡಳಿಯ ಗಟ್ಟಿಯಾದ ಠರಾವೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಆಡಳಿತ ಮಂಡಳಿಯ ಸದಸ್ಯ, ಹೊನ್ನಾವರ

ಮೇಡಂ ಹೇಳಿದ ಅನುಸೂಚಿಯ ಸಂಗತಿಯನ್ನು ನಮ್ಮ ಮಂಡಳಿಯ ಮುಂದೆಯೂ ಇಡುತ್ತೇನೆ. ದಾನಿಗಳ ಬಗ್ಗೆ ನನಗೊಂದು ಯೋಚನೆ ಬಂದಿದೆ. ಹಳೆಯ ಫಲಕದಲ್ಲಿ ಮರ ಕೊಟ್ಟವರ, ಕಲ್ಲು ಕೊಟ್ಟವರ ಹೆಸರಿತ್ತು ಎಂದಿರಿ. ಅದೇ ರೀತಿ ಒಂದು ಕೋಣೆಯ ಮಾಡು, ಒಂದು ಬದಿಯ ಜಗಲಿ, ಒಂದು ಜೋಡಿ ಬಾಗಿಲು ಎಂದು ಕೆಲಸವನ್ನು ಬಿಡಿಬಿಡಿಯಾಗಿ ತೋರಿಸಿ ಕೇಳಿದರೆ, ಮುಂಬೈ, ಬೆಂಗಳೂರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಕೊಡಲು ಸುಲಭವಾಗುತ್ತದೆ. ಹೊಸ ಫಲಕವನ್ನು ಹಳೆಯದರ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿಸಬಹುದು. ಕೆಲಸದವರು ಎಲ್ಲಿ ಸಿಗುತ್ತಾರೆ ಎಂಬ ನನ್ನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಬಡಗಿ ಕೆಲಸದವರು, ಕುಮಟಾ ತಾಲೂಕು

ನಮ್ಮದು ತಂದೆಯ ಕಾಲದಿಂದಲೂ ಮಾಡಿನ ಕೆಲಸ ಮಾಡುವ ಮನೆ. ಕೆಲಸದವರು ಇಲ್ಲವೆಂದಲ್ಲ. ಮೇ ತಿಂಗಳ ಕೊನೆಗೆ ಎಲ್ಲರೂ ಒಮ್ಮೆಲೇ ಕರೆಯುತ್ತಾರೆ, ಆಗ ಸಿಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೇಳಿದರೆ ಬರುತ್ತೇವೆ.

ಕ್ರಮ ಹೀಗಿರಬೇಕು. ಮಳೆ ಪೂರ್ತಿ ನಿಂತ ಮೇಲೆ ಒಂದು ಕೋಣೆಯ ಹಂಚನ್ನಷ್ಟೇ ಇಳಿಸಿ, ಪಕಾಸಿನ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಬೇಕು. ಉಳಿ ಸಲೀಸಾಗಿ ಒಳಗೆ ಹೋದಷ್ಟು ಭಾಗವನ್ನು ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಕಚ್ಚು ಹಾಕಿ ಸೇರಿಸಿದರೆ ಸಾಕು. ಇಡೀ ಪಕಾಸು ತೆಗೆಯುವುದು ಬೇಡ. ಮರಕ್ಕಾಗಿ ಕಾಡಿಗೆ ಹೋಗುವ ಅಗತ್ಯವಿಲ್ಲ. ಹೆದ್ದಾರಿ ಅಗಲ ಮಾಡುವಾಗ ಕೆಡವಿದ ಎಷ್ಟೋ ಹಳೆಯ ಮನೆಗಳ ಮರ, ಹಂಚು ಇನ್ನೂ ಮಾರಾಟಕ್ಕಿದೆ. ಒಂದು ಕೋಣೆ ಮುಗಿಸಿ, ಹಂಚು ಹೊದಿಸಿ, ಮಕ್ಕಳನ್ನು ಅಲ್ಲಿ ಕೂರಿಸಿ, ಆಮೇಲೆ ಮುಂದಿನ ಕೋಣೆ. ಕಾಲೇಜು ಮುಚ್ಚಬೇಕಾಗಿಲ್ಲ. ಮಿರ್ಗದ (ಮೃಗಶಿರಾ) ಮಳೆಗೆ ಹದಿನೈದು ದಿನ ಮೊದಲೇ ಎಲ್ಲ ಹೊದಿಸಿ ಆಗಿರಬೇಕು.

ನಿವೃತ್ತ ಕಟ್ಟಡ ಇಂಜಿನಿಯರ್, ಕಾರವಾರ

ಬಡಗಿಯವರು ಹೇಳಿದ ಕ್ರಮವೇ ಸರಿ. ಗೋಡೆಗಾಗಿ ನನ್ನದೊಂದು ಸೇರ್ಪಡೆ: ಸಿಮೆಂಟ್ ಪ್ಲಾಸ್ಟರನ್ನು ಕಾರ್ತಿಕದಲ್ಲಿ ಬಿಡಿಸಿ, ಕಲ್ಲಿನ ಹುಡಿಯನ್ನು ಗಟ್ಟಿ ಮೈ ಸಿಗುವವರೆಗೆ ತೆಗೆದು, ಗೋಡೆಯನ್ನು ಬತ್ತಲೆಯಾಗಿ ಬಿಸಿಲು ಗಾಳಿಗೆ ಬಿಡಬೇಕು. ಮಾರ್ಚ್ ಹೊತ್ತಿಗೆ ಅದು ಒಣಗುತ್ತದೆ. ಒಣಗುವ ಮೊದಲೇ ಗಾರೆ ಮಾಡಿದರೆ ಹಣ ವ್ಯರ್ಥ. ಗಾರೆಯನ್ನು ತೆಳುವಾದ ಪದರಗಳಲ್ಲಿ, ಪ್ರತಿ ಪದರಕ್ಕೂ ಗೋಣಿತಾಟು ಕಟ್ಟಿ ನೀರು ಹಾಕುತ್ತ ಮಾಡಬೇಕು. ಸುತ್ತಲಿನ ಅಂಗಳ ಜಗಲಿಗಿಂತ ಎತ್ತರವಾಗಿದ್ದರೆ ಅದನ್ನು ಮೊದಲು ಇಳಿಸಿ, ಸೂರಿನ ನೀರು ದೂರ ಹರಿಯುವಂತೆ ಗಟಾರ ಮಾಡಿ.

ಹಳೆಯ ವಿದ್ಯಾರ್ಥಿ, ಅಂಕೋಲಾ

ಇಲ್ಲಿಯ ಬರಹಗಳನ್ನೆಲ್ಲ ಮುದ್ರಿಸಿ ಮಂಡಳಿಗೆ ಕೊಟ್ಟೆವು. ಪರಿಶೀಲನೆ ಮುಗಿಯುವವರೆಗೆ ಕೆಡವುವ ನಿರ್ಧಾರವನ್ನು ಮುಂದೂಡಲು ಅವರು ಒಪ್ಪಿದ್ದಾರೆ, ಪ್ರಯೋಗಕ್ಕಾಗಿ ಒಂದು ಕೋಣೆಯ ದುರಸ್ತಿಗೂ ಅನುಮತಿ ಕೊಟ್ಟಿದ್ದಾರೆ. ನೈಋತ್ಯ ಮೂಲೆಯ ಕೋಣೆಯನ್ನು ಆಯ್ದುಕೊಂಡಿದ್ದೇವೆ, ಹೆಚ್ಚು ಸೋರುವುದು ಅದೇ. ಬಡಗಿಯವರೇ, ನೀವು ನೋಡಲು ಬರುವ ಮೊದಲು ನಾವು ಏನು ಸಿದ್ಧಪಡಿಸಿಡಬೇಕು?

ಬಡಗಿ ಕೆಲಸದವರು, ಕುಮಟಾ ತಾಲೂಕು

ಒಂದು ಹಂಚು ಇಳಿಸಿ, ಅದನ್ನು ತಿರುವಿ, ಬೆನ್ನಿನ ಮೇಲಿರುವ ಕಾರ್ಖಾನೆಯ ಅಚ್ಚಿನ ಗುರುತಿನ ಫೋಟೋ ಕಳಿಸಿ. ಒಂದು ಕಾರ್ಖಾನೆಯ ಹಂಚಿನ ಕಚ್ಚಿಗೆ ಇನ್ನೊಂದರದ್ದು ಕೂರುವುದಿಲ್ಲ. ಕೂರಿಸಿದರೆ ಅಲ್ಲೇ ಸೋರುತ್ತದೆ. ಹಿಂದೆ ದುರಸ್ತಿ ಮಾಡಿದ ಜಾಗದಲ್ಲಿ ಬೇರೆ ಅಚ್ಚಿನವು ಸೇರಿರಬಹುದು, ಅಲ್ಲಿಯದನ್ನೂ ಒಂದು ಇಳಿಸಿ ನೋಡಿ. ಎರಡೂ ಗುರುತು ಸಿಕ್ಕರೆ ನಾನು ಬರುವಾಗಲೇ ಹೊಂದುವ ಹಂಚನ್ನು ಹುಡುಕಿಕೊಂಡು ಬರುತ್ತೇನೆ.